ಆಮೆಬಂಡೆಯ ಗೋರುಬಲೆ

ಬುನ್‌ಲುತ್ ಊಟ ಬಿಟ್ಟಾಗಲೇ ನಮಗೆ ಅನುಮಾನ ಬರಬೇಕಿತ್ತು. ಮೆಕಾಂಗ್ ಹೊಳೆಯಲ್ಲಿ ಪ್ರವಾಸಿಗರ ದೋಣಿ ನಡೆಸುವವರಲ್ಲಿ ಅವನಷ್ಟು ಉಣ್ಣುವವನು ಇನ್ನೊಬ್ಬನಿರಲಿಲ್ಲ. ಎಡಗಾಲನ್ನು ಚುಕ್ಕಾಣಿಯ ಚಕ್ರದ ಮೇಲಿಟ್ಟು ದೋಣಿಯನ್ನು ಬಂಡೆಗಳ ಸಂದಿಯಲ್ಲಿ ತೂರಿಸುತ್ತಲೇ, ಬಿದಿರ ಬುಟ್ಟಿಯಿಂದ ಅಂಟನ್ನ ಕಿತ್ತು ಉಂಡೆ ಮಾಡಿ, ಮೆಣಸಿನ ಚಟ್ನಿಗೆ ಅದ್ದಿ ಬಾಯಿಗೆ ಎಸೆದುಕೊಳ್ಳುತ್ತಿದ್ದ. ಪ್ರವಾಸಿಗರು ಗಾಬರಿಯಿಂದ ನನ್ನ ಮುಖ ನೋಡಿದರೆ, "ಇದು ನಮ್ಮ ಪುರಾತನ ಪದ್ಧತಿ" ಎನ್ನುತ್ತಿದ್ದೆ. ಗೈಡ್ ಕೆಲಸದಲ್ಲಿ ತಲೆ ನರೆಸಿಕೊಂಡ ನಾನು ಕಲಿತದ್ದು ಇದೊಂದೇ. ಯಾವುದಕ್ಕೆ ಸಬೂಬು ಹೊಳೆಯುವುದಿಲ್ಲವೋ ಅದಕ್ಕೆ ಪದ್ಧತಿ ಎಂದುಬಿಡಬೇಕು.

ನನ್ನನ್ನು ಎಲ್ಲರೂ ಸಿಯೆಂಗ್ ಎನ್ನುತ್ತಾರೆ. ಹುಡುಗನಾಗಿದ್ದಾಗ ವಿಹಾರದಲ್ಲಿ ಕಾವಿ ಉಟ್ಟು ಆಮೇಲೆ ಬಿಚ್ಚಿಟ್ಟು ಬಂದವನಿಗೆ ನಮ್ಮ ಕಡೆ ಕೊಡುವ ಗೌರವದ ಹೆಸರು ಅದು. ಕಾವಿ ಬಿಟ್ಟದ್ದಕ್ಕೆ ದೊಡ್ಡ ಕಾರಣವೇನೂ ಇಲ್ಲ. ಮಧ್ಯಾಹ್ನ ಕಳೆದ ಮೇಲೆ ಊಟವಿಲ್ಲ ಎಂಬ ನಿಯಮ ನನ್ನ ಹೊಟ್ಟೆಗೆ ಒಗ್ಗಲಿಲ್ಲ. ಹೀಗಾಗಿ ನನಗೂ ಬುನ್‌ಲುತ್‌ಗೂ ಸ್ನೇಹ ಬೆಳೆದದ್ದು ಅಡುಗೆ ಒಲೆಯ ಬಳಿ, ಅವನ ಹೆಂಡತಿ ಓನ್‌ಸಿ ಹೊಳೆಪಾಚಿಯ ಹಪ್ಪಳ ಕರಿಯುವ ಜಾಗದಲ್ಲಿ.

ಆ ಒಲೆ ಇದ್ದದ್ದು ದೋಣಿಯ ಹಿಂಭಾಗದಲ್ಲಿ. ಅದೇ ಅವರ ಮನೆ. ಎಂಜಿನ್ನಿಗೆ ಒತ್ತಿಕೊಂಡಂತೆ ಒಂದು ಹಾಸಿಗೆ, ಮಡಚುವ ಮೇಜಿನ ಮೇಲೊಂದು ಟಿವಿ, ಚಾವಣಿಯ ಮೇಲೆ ಎಣ್ಣೆ ಡಬ್ಬಗಳಲ್ಲಿ ಪುದೀನ, ಈರುಳ್ಳಿ ಸೊಪ್ಪು. ದೋಣಿ ಮಾತ್ರ ಅವರದಲ್ಲ, ನಮ್ಮ ಊರು ಲುವಾಂಗ್ ಪ್ರಬಾಂಗಿನಲ್ಲಿರುವ ಯಜಮಾನಿಯದು. ಬುನ್‌ಲುತ್ ಹುಟ್ಟಿದ್ದೇ ದೋಣಿಯಲ್ಲಂತೆ. ಅವನ ಅಪ್ಪ ಉಪ್ಪು, ಹುಣಿಸೆಹಣ್ಣು ಸಾಗಿಸುತ್ತಿದ್ದವನು. ಹೊಳೆಯ ಬಂಡೆಗಳಿಗೆಲ್ಲ ಬುನ್‌ಲುತ್ ನೆಂಟರ ಹೆಸರಿಟ್ಟಿದ್ದ. ನೀರಿನಡಿ ಅಡಗಿ ತಳ ಸೀಳುವ ಒಂದು ಬಂಡೆಗೆ ಹೆಂಡತಿಯ ಅಕ್ಕನ ಹೆಸರು. ಅದನ್ನು ದಾಟುವಾಗಲೆಲ್ಲ ಕೈಮುಗಿದು "ಅತ್ತಿಗೆ, ಸ್ವಲ್ಪ ಸರೀರಿ" ಎನ್ನುತ್ತಿದ್ದ. ಹಿಂದಿನಿಂದ ಓನ್‌ಸಿ ಸೌಟು ತೋರಿಸುತ್ತಿದ್ದಳು.

ಇಂಥವನು ಒಂದು ಸಂಜೆ, ಪ್ರವಾಸಿಗರನ್ನು ಲುವಾಂಗ್ ಪ್ರಬಾಂಗಿನ ದಡಕ್ಕೆ ಇಳಿಸಿ ತಾನು ಇಳಿಯುವಾಗ, ಹಲಗೆಯ ಮೇಲಿಂದ ಕಾಲುಜಾರಿ ಬಿದ್ದ. ಮೊಣಕಾಲುದ್ದ ನೀರು. ಎಲ್ಲರೂ ನಕ್ಕೆವು. ಬಿದ್ದವನು ಮಾತ್ರ ನಗಲಿಲ್ಲ. ಮರುದಿನ ಚಕ್ರ ಹಿಡಿದರೆ ಕೈ ನಡುಗುತ್ತಿದೆ. ಅದರ ಮುಂದಿನ ಪಯಣದಲ್ಲಿ ನಟ್ಟನಡು ಹಗಲಲ್ಲಿ ದೋಣಿಯನ್ನು ಮರಳುದಿಬ್ಬಕ್ಕೆ ಹತ್ತಿಸಿದ. ಪ್ರವಾಸಿಗರು ಪ್ಯಾಂಟು ಮಡಚಿ ಇಳಿದು ತಳ್ಳಬೇಕಾಯಿತು. ಅದಕ್ಕೂ ನಾನು ಪದ್ಧತಿ ಎಂದೆ, ಕೆಲವರು ಫೋಟೋ ಕೂಡ ತೆಗೆಸಿಕೊಂಡರು. ಆದರೆ ಯಜಮಾನಿಯ ಮುಂದೆ ನನ್ನ ಪದ್ಧತಿ ನಡೆಯಲಿಲ್ಲ.

ನಮ್ಮ ಮೈಯಲ್ಲಿ ಮೂವತ್ತೆರಡು ಖ್ವಾನ್‌ಗಳಿವೆ. (ನನ್ನಲ್ಲಿ ಅಷ್ಟಿಲ್ಲ ಎಂಬುದು ನನ್ನ ಹೆಂಡತಿಯ ಅಭಿಪ್ರಾಯ.) ಖ್ವಾನ್ ಅಂದರೆ ಪೂರಾ ಜೀವವೂ ಅಲ್ಲ, ಬರೀ ಧೈರ್ಯವೂ ಅಲ್ಲ, ಎರಡರ ನಡುವಿನ ಒಂದು ಪದಾರ್ಥ. ಮನುಷ್ಯ ಬೆಚ್ಚಿಬಿದ್ದಾಗ ಅದು ಹಾರಿಹೋಗಿ, ಹಾರಿದ ಜಾಗದಲ್ಲೇ ದಿಕ್ಕುತೋಚದೆ ಕೂತುಬಿಡುತ್ತದೆ. ಇತ್ತ ಮನುಷ್ಯನಿಗೆ ಅನ್ನ ಸೇರದು, ನಿದ್ದೆ ಹತ್ತದು. ಆಗ ತಿಳಿದವರೊಬ್ಬರು ಅದೇ ಜಾಗಕ್ಕೆ ಹೋಗಿ, ಮೀನು ಹಿಡಿಯುವ ಗೋರುಬಲೆಯಲ್ಲಿ ಅವನ ಅಂಗಿಯನ್ನೂ ಒಂದು ಮುಷ್ಟಿ ಅನ್ನವನ್ನೂ ಇಟ್ಟು, ಖ್ವಾನನ್ನು ಕರೆದು, ಗೋರಿ ಮನೆಗೆ ತರಬೇಕು. ದಾರಿಯಲ್ಲಿ ತಿರುಗಿ ನೋಡಕೂಡದು, ಯಾರೊಂದಿಗೂ ಮಾತಾಡಕೂಡದು. ಬಾಗಿಲಲ್ಲಿ ನಿಂತು "ಖ್ವಾನ್ ಬಂತಾ?" ಎಂದು ಕೇಳಿದರೆ ಒಳಗಿನವರು "ಬಂತು" ಎನ್ನಬೇಕು. ಆ ಉತ್ತರ ಬಂದರೇನೇ ಅದು ಒಳಗೆ ಕಾಲಿಡುವುದು.

ಓನ್‌ಸಿ ಮೊದಲ ಸಲ ಇದನ್ನು ಮಾಡಿಸಿದಾಗ ಕೆಲಸ ಕೆಟ್ಟದ್ದು ನನ್ನ ಕಡೆಯವರಿಂದ. ಊರಿನ ತೋಂಗ್‌ವಾನ್ ಅಜ್ಜಿ ದಡದಲ್ಲಿ ಖ್ವಾನ್ ಗೋರಿ, ಬಲೆಯನ್ನು ಬಟ್ಟೆಯಿಂದ ಮುಚ್ಚಿಕೊಂಡು ಮೆಟ್ಟಿಲು ಹತ್ತುತ್ತಿದ್ದಳು. ನನ್ನ ಗುಂಪಿನ ಒಬ್ಬ ಹೆಂಗಸು ಎದುರು ನಿಂತು, ಎರಡೂ ಕೈ ಜೋಡಿಸಿ, ದೋಣಿಯಲ್ಲಿ ನಾನೇ ಕಲಿಸಿದ್ದ ಒಂದೇ ಮಾತನ್ನು ಹೇಳಿದಳು: "ಸಬಾಯ್‌ದೀ!" ನಮಸ್ಕಾರ ಅಂದವರಿಗೆ ನಮಸ್ಕಾರ ಅನ್ನದೆ ಮುಂದೆ ಹೋಗುವುದು ನಮ್ಮ ಊರಲ್ಲಿ ಸತ್ತವರಿಂದ ಮಾತ್ರ ಸಾಧ್ಯ. ಅಜ್ಜಿಯ ಬಾಯಿಂದ "ಸಬಾಯ್‌ದೀ" ಹೊರಬಿತ್ತು. ಅಷ್ಟೇ, ಗೋರಿದ್ದೆಲ್ಲ ನೀರುಪಾಲು.

ಹೀಗಾಗಿ ಈ ಸಲ ದೋಣಿ ಊರಲ್ಲಿ ತಂಗಿದ ದಿನ, ಬೆಳಿಗ್ಗೆಯೇ ಓನ್‌ಸಿ ನನ್ನನ್ನು ಒಲೆಯ ಹತ್ತಿರ ಕರೆದಳು.

"ಸಿಯೆಂಗಣ್ಣ, ಯಜಮಾನಿ ಸಂಜೆ ಬರ್ತಾರೆ. ಇವರ ಕೈ ನೆಟ್ಟಗಾಗಿದ್ರೆ ನಾಳೆ ಇವರೇ ಮೇಲಕ್ಕೆ ದೋಣಿ ಬಿಡೋದು. ಇಲ್ದಿದ್ರೆ ಬೇರೆಯವನು ಬರ್ತಾನೆ, ನಾವು ಗಂಟುಮೂಟೆ ಕಟ್ಟಬೇಕು."

"ಹಾಗಂತ ಹೇಳಿದ್ರಾ?"

"ಹೇಳಿದ್ರು. ಅಜ್ಜಿ ಇವತ್ತು ಮತ್ತೆ ಗೋರ್ತಾರೆ. ನಿಮ್ಮ ಜನ ಅಜ್ಜಿ ಹತ್ರ ಸುಳಿದ್ರೆ ನಿಮ್ಮ ತಟ್ಟೆಗೆ ಏನು ಬಡಿಸ್ತೀನೋ ನಂಗೇ ಗೊತ್ತಿಲ್ಲ."

"ಏನು ಬಡಿಸಿದ್ರೂ ತಿಂತೀನಿ ಅಂತ ನಿಂಗೆ ಗೊತ್ತಲ್ಲಮ್ಮ."

"ಅದೇ ನನ್ನ ಕಷ್ಟ" ಎಂದಳು. ನಗಲಿಲ್ಲ. ಕಣ್ಣು ಕೆಂಪಗಿತ್ತು.

ನಾನು ಪ್ರವಾಸಿಗರನ್ನು ಸಾಲಾಗಿ ನಿಲ್ಲಿಸಿ, ದಡದ ಮೇಲಿನ ಹಳೆಯ ಮಾವಿನ ಮರದ ಚರಿತ್ರೆ ಹೇಳತೊಡಗಿದೆ. ಆ ಮರಕ್ಕೆ ಚರಿತ್ರೆ ಇರಲಿಲ್ಲ. ನಾನು ಹೇಳಿ ಮುಗಿಸುವಷ್ಟರಲ್ಲಿ ಮೂರು ಜನ ರಾಜರು ಅದರಡಿ ಪಟ್ಟಕ್ಕೇರಿದ್ದರು. ಗುಂಪಿನಲ್ಲೊಬ್ಬ ನಿವೃತ್ತ ಹಲ್ಲಿನ ಡಾಕ್ಟರ್ ಇದ್ದ, ಕೊರಳಲ್ಲಿ ಎರಡು ಕ್ಯಾಮರಾ. ಅವನ ಕಣ್ಣು ಮಾತ್ರ ರಾಜರ ಮೇಲಿರಲಿಲ್ಲ. ಕೆಳಗೆ ತೋಂಗ್‌ವಾನ್ ಅಜ್ಜಿ ಉಟ್ಟ ಬಟ್ಟೆ ಎತ್ತಿಕಟ್ಟಿ ನೀರಿಗಿಳಿದು, ಹಲಗೆಯ ಪಕ್ಕದಲ್ಲಿ ಬಲೆ ಆಡಿಸುತ್ತಿದ್ದಳು. ಅವಳ ದನಿ ಮೇಲಿನವರೆಗೂ ಕೇಳುತ್ತಿತ್ತು:

"ಬಾರೋ ಬುನ್‌ಲುತ್‌ನ ಖ್ವಾನೇ, ಬಾ. ತಣ್ಣೀರಲ್ಲಿ ನೆನೀಬೇಡ, ಮೀನುಗಳ ಜೊತೆ ಹರಟೆ ಹೊಡೀತಾ ಕೂರಬೇಡ. ಅನ್ನ ಬಿಸಿಯಾಗಿದೆ, ಚಾಪೆ ಹಾಸಿದೆ. ನಿನ್ನ ಅಂಗಿ ಇಲ್ಲೇ ಇದೆ ನೋಡು, ಹತ್ಕೋ."

"ಏನು ಮೀನು ಹಿಡೀತಿದಾರೆ?" ಡಾಕ್ಟರ್ ಕೇಳಿದ.

"ಬಹಳ ಸೂಕ್ಷ್ಮವಾದ ಮೀನು. ಮಾತಾಡಿಸಿದ್ರೆ ಓಡಿಹೋಗುತ್ತೆ" ಎಂದೆ. ಒಮ್ಮೊಮ್ಮೆ ನನ್ನ ಬಾಯಿಂದಲೂ ನಿಜ ಬರುತ್ತದೆ.

ಅಜ್ಜಿ ಮೆಟ್ಟಿಲು ಹತ್ತಿ ಬಂದಳು. ಪ್ರವಾಸಿಗರೆಲ್ಲ ಬಾಯಿಗೆ ಬೀಗ ಹಾಕಿಕೊಂಡು ದಾರಿ ಬಿಟ್ಟರು, ಡಾಕ್ಟರ್ ಕ್ಯಾಮರಾವನ್ನು ಕೂಡ ಕೆಳಗಿಳಿಸಿದ. ನನ್ನ ವೃತ್ತಿಜೀವನದಲ್ಲಿ ಇಷ್ಟು ಶಿಸ್ತಿನ ಗುಂಪನ್ನು ನಾನು ಕಂಡಿಲ್ಲ. ಅವರನ್ನು ಅರಮನೆಯ ಮ್ಯೂಸಿಯಂ ಬಾಗಿಲಿಗೆ ಮುಟ್ಟಿಸಿ ಅಜ್ಜಿಯ ಮನೆಗೆ ಓಡಿದೆ. ವಿಹಾರದ ಹಿಂದಿನ ಓಣಿಯಲ್ಲಿ ಅವಳ ಮರದ ಮನೆ. ಬುನ್‌ಲುತ್ ಒಳಗೆ ಚಾಪೆಯ ಮೇಲೆ, ಕೈಗಳೆರಡನ್ನೂ ತೊಡೆಯಡಿ ಅಡಗಿಸಿ ಕೂತಿದ್ದ.

"ಖ್ವಾನ್ ಬಂತಾ?" ಬಾಗಿಲಿಂದ ಅಜ್ಜಿ.

"ಬಂತು! ಬಂತು!" ಓನ್‌ಸಿ ಕೂಗಿದಳು. ನಾನೂ ಕೂಗಿದೆ, ಸ್ವಲ್ಪ ಜಾಸ್ತಿಯೇ ಕೂಗಿದೆ.

ಆಮೇಲೆ ಅಕ್ಕಿಯ ಪರೀಕ್ಷೆ. ಅಜ್ಜಿ ಚಿಟಿಕೆ ಅಕ್ಕಿ ತೆಗೆದು ಅಂಗೈಯಲ್ಲಿ ಜೋಡಿ ಜೋಡಿಯಾಗಿ ಸರಿಸುತ್ತಾಳೆ. ಎಲ್ಲಕ್ಕೂ ಜೋಡಿ ಸಿಕ್ಕರೆ ಖ್ವಾನ್ ಬಂದಿದೆ, ಒಂದು ಒಂಟಿ ಉಳಿದರೆ ಇಲ್ಲ. ಒಂಟಿ ಉಳಿಯಿತು. ಇನ್ನೊಂದು ಚಿಟಿಕೆ. ಮತ್ತೆ ಒಂಟಿ. ಅಜ್ಜಿ ಅಕ್ಕಿಯನ್ನು ಬಟ್ಟಲಿಗೆ ಹಾಕಿ, ಎಲೆಯಡಿಕೆಯನ್ನು ಒಂದು ದವಡೆಯಿಂದ ಇನ್ನೊಂದಕ್ಕೆ ಸರಿಸಿದಳು.

"ನಾನು ಗೋರಿದ್ದು ಬರೀ ನೀರು. ನಿಜ ಹೇಳು ಮಗಾ, ಎಲ್ಲಿ ಕಳ್ಕೊಂಡೆ?"

"ಇಲ್ಲೇ ಅಜ್ಜಿ. ಹಲಗೆ ಹತ್ರ. ಎಲ್ಲಾರೂ ನೋಡಿದ್ರಲ್ಲ."

"ಎಲ್ಲಾರೂ ನೋಡಿದ್ದು ನೀನು ಬಿದ್ದಿದ್ದನ್ನ. ನಾನು ಕೇಳ್ತಿರೋದು ಬೇರೆ."

ಬುನ್‌ಲುತ್ ಎದ್ದು ಹೊರಗೆ ಹೋದ. ಓನ್‌ಸಿ ನನ್ನ ಕಡೆ ನೋಡಿದಳು. ನಾನು ಅವನ ಹಿಂದೆ ಹೋದೆ.

ಮ್ಯೂಸಿಯಂ ಎದುರಿಗೆ ಒಂದು ನೂಡಲ್ಸ್ ಅಂಗಡಿ ಇದೆ. ಒಳಗೆ ಕ್ಯಾಮರಾ ಬಿಡುವುದಿಲ್ಲ ಎಂಬ ಸಿಟ್ಟಿಗೆ ನನ್ನ ಹಲ್ಲಿನ ಡಾಕ್ಟರ್ ಹೊರಗೇ ಉಳಿದು ಅಲ್ಲಿ ಕೂತಿದ್ದ. ನಮ್ಮನ್ನು ಕಂಡು ಸಂತೋಷದಿಂದ ಕುರ್ಚಿ ಎಳೆದ. ಬೇಡ ಎನ್ನಲಾಗಲಿಲ್ಲ. ಮೂರು ಬಟ್ಟಲು ಬಂದವು. ಬುನ್‌ಲುತ್ ತನ್ನ ಬಟ್ಟಲಿನ ಹಬೆಯನ್ನು ನೋಡುತ್ತಾ ಕೂತ. ನಾನು ನನ್ನದನ್ನು ಮುಗಿಸಿದೆ. ಚಿಂತೆ ನನ್ನ ಹೊಟ್ಟೆಯನ್ನು ಎಂದೂ ಮುಟ್ಟಿಲ್ಲ.

ಸುಮ್ಮನೆ ಏನಾದರೂ ಕೇಳಬೇಕೆಂದು ಕೇಳಿದೆ. "ಚಕ್ರದ ಪಕ್ಕ ಒಂದು ಬೈಕಿನ ಕನ್ನಡಿ ಕಟ್ಟಿದ್ಯಲ್ಲ, ಹಿಂದೆ ನೋಡೋಕೆ. ಎಲ್ಲಿ ಹೋಯ್ತು ಅದು?"

ಅವನು ಬಟ್ಟಲಿನಿಂದ ತಲೆಯೆತ್ತಿದ.

"ಹೊಳೆಗೆ ಎಸೆದೆ."

"ಯಾಕೆ?"

"ಅದರಲ್ಲಿ ಕಾಣಿಸ್ತಿತ್ತು ಸಿಯೆಂಗಣ್ಣ."

ಆಮೇಲೆ ತಡೆಯಿಲ್ಲದೆ ಹೇಳಿದ. ಡಾಕ್ಟರ್‌ಗೆ ನಮ್ಮ ಭಾಷೆ ಬಾರದು, ಅವನು ನೂಡಲ್ಸ್ ಜೊತೆ ಕುಸ್ತಿ ಮಾಡುತ್ತಾ ನಮ್ಮಿಬ್ಬರಿಗೂ ನಗೆ ಬೀರುತ್ತಿದ್ದ.

"ಆವತ್ತು, ಹಲಗೆಯಿಂದ ಬಿದ್ದ ದಿನ, ತಡವಾಗಿತ್ತು. ಕತ್ತಲಾಗೋದ್ರೊಳಗೆ ಊರು ಮುಟ್ಟಬೇಕು ಅಂತ ಯಜಮಾನಿ ಫೋನ್ ಮೇಲೆ ಫೋನ್. ಜೋರಾಗೇ ಬಿಟ್ಟಿದ್ದೆ. ಆಮೆಬಂಡೆ ತಿರುವಲ್ಲಿ ಒಂದು ಸಣ್ಣ ದೋಣಿ. ಮುದುಕ ಒಬ್ಬ ನಿಂತ್ಕೊಂಡು ಬಲೆ ಎತ್ತುತಿದ್ದ. ಪಕ್ಕದಲ್ಲೇ ಹಾದೆ. ತಾಗಿಲ್ಲ ಅಣ್ಣ, ಆಣೆ ಮಾಡಿ ಹೇಳ್ತೀನಿ, ತಾಗಿಲ್ಲ."

"ಮತ್ತೆ?"

"ನಮ್ಮ ಅಲೆ. ಕನ್ನಡೀಲಿ ನೋಡ್ದೆ. ದೋಣಿ ಮಗುಚಿತ್ತು. ಬಿದಿರು ಟೋಪಿ ತೇಲ್ತಿತ್ತು. ಟೋಪಿ ಕೆಳಗೆ ಮನುಷ್ಯ ಇದ್ನೋ ಇಲ್ವೋ, ಅಷ್ಟರಲ್ಲಿ ಬಂಡೆ ಅಡ್ಡ ಬಂತು."

"ನಿಲ್ಲಿಸ್ಲಿಲ್ವಾ?"

"ನಿಲ್ಲಿಸೋಣ ಅಂತ ಕೈ ಎತ್ತಿದೆ. ಹಿಂದೆ ಪ್ರವಾಸಿಗರು ನಗ್ತಿದ್ರು. ಫೋನ್ ಮತ್ತೆ ಹೊಡ್ಕೊಳ್ತು. ಎತ್ತಿದ ಕೈ ಇಳಿಸ್ಬಿಟ್ಟೆ." ಮೇಜಿನ ಮೇಲಿದ್ದ ಬಲಗೈಯನ್ನು ನೋಡಿದ. "ಇದೇ ಕೈ."

ಆ ಕೈ ಬಟ್ಟಲಿಗೆ ತಾಗಿತ್ತು. ಬಟ್ಟಲಿನೊಳಗಿನ ಸಾರಿನಲ್ಲಿ ಸಣ್ಣ ಸಣ್ಣ ಅಲೆ ಏಳುತ್ತಿತ್ತು.

"ಏನಂತೆ ಇವರಿಗೆ?" ಡಾಕ್ಟರ್ ಕಾಳಜಿಯಿಂದ ಕೇಳಿದ.

"ಅಡುಗೆ ವಿಚಾರ. ಖಾರ ಜಾಸ್ತಿಯಾಗಿದೆಯಂತೆ."

"ಹೌದೌದು" ಎಂದು ಡಾಕ್ಟರ್ ತನ್ನ ಕಣ್ಣೀರು ಒರೆಸಿಕೊಂಡ. ಅವನಿಗೆ ನಿಜವಾಗಿಯೂ ಖಾರ ಹತ್ತಿತ್ತು.

ಮಧ್ಯಾಹ್ನ ಪ್ರವಾಸಿಗರಿಗೆಲ್ಲ ಮಸಾಜ್ ಮಾಡಿಸಿಕೊಳ್ಳುವುದು ಊರಿಗೆ ಬಂದವರು ತಪ್ಪಿಸಬಾರದ ಅನುಭವ ಎಂದು ಹೇಳಿ ಒಂದೇ ಅಂಗಡಿಗೆ ಸಾಲಾಗಿ ನುಗ್ಗಿಸಿದೆ. ಆಮೇಲೆ ಅಜ್ಜಿಯ ಮನೆಯ, ಬಾಲದಂತೆ ಹಿಂದಕ್ಕೆ ಚಾಚಿದ ಎಂಜಿನ್ನಿನ ಪುಟ್ಟ ದೋಣಿಯಲ್ಲಿ ನಾವು ನಾಲ್ವರು ಹೊಳೆಯ ಮೇಲಕ್ಕೆ ಹೊರಟೆವು. ನನಗೆ ಈಜು ಬರುವುದಿಲ್ಲ. ದೊಡ್ಡ ದೋಣಿಯಿಂದ ತಂದ ಕಿತ್ತಳೆ ಬಣ್ಣದ ಜಾಕೆಟ್ಟನ್ನು ಒಂದರ ಮೇಲೊಂದರಂತೆ ಎರಡು ತೊಟ್ಟಿದ್ದೆ.

"ದೂರದಿಂದ ನೋಡಿದೋರು ಕುಂಬಳಕಾಯಿ ಸಾಗಿಸ್ತಿದೀವಿ ಅಂದ್ಕೋತಾರೆ" ಎಂದಳು ಅಜ್ಜಿ.

ಯಾರೂ ನಗಲಿಲ್ಲ. ಬುನ್‌ಲುತ್ ಆಗಷ್ಟೇ ಅಜ್ಜಿಗೂ ಓನ್‌ಸಿಗೂ ಎಲ್ಲ ಹೇಳಿದ್ದ. ಅವಳು ಗಂಡನ ಕಡೆ ಬೆನ್ನು ಹಾಕಿ, ಮುಂದಿನ ತುದಿಯಲ್ಲಿ ಗೋರುಬಲೆ ತಬ್ಬಿಕೊಂಡು ಕೂತಿದ್ದಳು. ಬುನ್‌ಲುತ್ ಎಂಜಿನ್ನಿನ ಹಿಡಿಯನ್ನು ಎರಡೂ ಕೈಯಲ್ಲಿ ಅದುಮಿ ಹಿಡಿದಿದ್ದ. ಆದರೂ ದೋಣಿ ಕುಡಿದವನ ಹಾಗೆ ನಡೆಯುತ್ತಿತ್ತು.

ಆಮೆಬಂಡೆ ಕಣ್ಣಿಗೆ ಬಿದ್ದಾಗ ಅವನು ನೇರ ಅದರ ಕಡೆ ತಿರುಗಿಸಿದ. ಅಜ್ಜಿ ತಡೆದಳು.

"ಅಲ್ಲಿಗೆ ಈಗ್ಲೇ ಬೇಡ. ಮೊದಲು ಬಂಡೆ ಪಕ್ಕದ ಹಳ್ಳಿ ದಡಕ್ಕೆ ನಡಿ."

"ಯಾಕಜ್ಜಿ?"

"ಆ ಮುದುಕ ಅಲ್ಲಿ ಸತ್ತಿದ್ರೆ ನಾನು ಬಲೆ ಅದ್ದಲ್ಲ. ಯಾರು ಹತ್ಕೊಂಡು ಬರ್ತಾರೋ ಯಾರಿಗೆ ಗೊತ್ತು. ಹೋಗಿ ಕೇಳು. ನಾನು ಕೇಳಲ್ಲ, ನಿನ್ನ ಹೆಂಡ್ತಿ ಕೇಳಲ್ಲ, ಈ ಕುಂಬಳಕಾಯೀನೂ ಕೇಳಲ್ಲ. ನೀನೇ ಕೇಳ್ಬೇಕು."

ದಡದಲ್ಲಿ ಒಬ್ಬ ಹೆಂಗಸು ಕಲ್ಲಿನ ಮೇಲೆ ಹೊಳೆಪಾಚಿ ಹರಡಿಕೊಂಡು ಮರಳು ಹೋಗುವಂತೆ ತೊಳೆಯುತ್ತಿದ್ದಳು. ಅರವತ್ತರ ಆಚೀಚಿನವಳು. "ಸಬಾಯ್‌ದೀ" ಎಂದೆವು, "ಸಬಾಯ್‌ದೀ, ಊಟ ಆಯ್ತಾ?" ಎಂದಳು. ಬುನ್‌ಲುತ್ ನೀರಿನಲ್ಲೇ ನಿಂತು ಕೇಳಿದ.

"ದೊಡ್ಡಮ್ಮ, ಹೋದ ತಿಂಗಳು ಈ ಕಡೆ ಯಾರದಾದ್ರೂ ದೋಣಿ ಮಗುಚಿತ್ತಾ?"

"ನಮ್ಮೋರದ್ದೇ. ಯಾಕಪ್ಪ?"

"ಅವರು... ಇದಾರಾ?"

"ಇದಾರೆ. ಆ ಮನೇಲೇ" ಎಂದು ದಡದ ಮೇಲಿನ ಮೊದಲ ಮನೆಯನ್ನು ಗಲ್ಲದಿಂದ ತೋರಿಸಿದಳು. "ಬಂಡೆಗೆ ತಗಲಾಕ್ಕೊಂಡು ಬದುಕಿದ್ರು. ಆವತ್ತಿಂದ ಗೋಡೆ ಕಡೆ ಮುಖ ಮಾಡಿ ಮಲಗಿದಾರೆ. ನೀರು ಅಂದ್ರೆ ಕುಡಿಯೋಕೂ ಹೆದರ್ತಾರೆ."

ಬುನ್‌ಲುತ್ ಒದ್ದೆ ಮರಳಿನ ಮೇಲೆ ಕೂತುಬಿಟ್ಟ. ನನಗೂ ಎದೆ ಹಗುರಾಯಿತು, ಜಾಕೆಟ್ಟಿನ ಒಂದು ಗುಂಡಿ ಬಿಚ್ಚಿಕೊಂಡೆ. ಹೆಂಗಸು ಪಾಚಿ ಹಿಂಡುತ್ತಾ ಮಾತು ಮುಂದುವರಿಸಿದಳು.

"ದೊಡ್ಡ ದೋಣಿ ಅಲೆ ಹೊಡೀತು. ಪಾಪ, ಅವನಿಗೆ ಕಾಣ್ಲಿಲ್ಲ. ಎದುರು ಬಿಸಿಲು ಹಾಗೇ ಇತ್ತು. ಕಂಡಿದ್ರೆ ನಿಲ್ಲಿಸ್ತಿದ್ದ. ಹೊಳೆ ಮೇಲೆ ಬದುಕೋನು ನೋಡಿಯೂ ನಿಲ್ಲಿಸ್ದೆ ಹೋಗ್ತಾನಾ?"

ಇಷ್ಟು ಚೆಂದದ ಬಾಗಿಲು ತಾನಾಗಿ ತೆರೆದಿತ್ತು. ನಾನು ಬಗ್ಗಿ ಬುನ್‌ಲುತ್‌ನ ಕಿವಿಯಲ್ಲಿ, "ಹಾಗೇ ಇರ್ಲಿ ಬಿಡು. ಅವರಿಗೂ ಸಮಾಧಾನ, ನಿಂಗೂ ಸಮಾಧಾನ" ಎಂದೆ. ನನ್ನ ಪ್ರಕಾರ ಅದು ಒಳ್ಳೆಯ ಸಲಹೆಯೇ. ಇವತ್ತಿಗೂ ಅದು ತಪ್ಪು ಸಲಹೆ ಎಂದು ನನಗೆ ಖಚಿತವಾಗಿಲ್ಲ.

ಬುನ್‌ಲುತ್ ಎದ್ದು ನಿಂತ.

"ಕಾಣಿಸ್ತು ದೊಡ್ಡಮ್ಮ. ಆ ದೋಣಿ ಬಿಡ್ತಿದ್ದೋನು ನಾನೇ. ಕನ್ನಡೀಲಿ ನೋಡ್ದೆ. ದೋಣಿ ಮಗುಚಿದ್ದೂ ನೋಡ್ದೆ, ಟೋಪಿನೂ ನೋಡ್ದೆ. ನಿಲ್ಲಿಸ್ಲಿಲ್ಲ."

ಹೆಂಗಸಿನ ಕೈ ನಿಂತಿತು. ಹಿಂಡುತ್ತಿದ್ದ ಪಾಚಿಯಿಂದ ನೀರು ತೊಟ್ಟಿಕ್ಕುತ್ತಲೇ ಇತ್ತು. ಬೈಯುತ್ತಾಳೆ, ಕಲ್ಲು ಎತ್ತಿಕೊಳ್ಳುತ್ತಾಳೆ ಎಂದು ನಾನು ಒಂದು ಹೆಜ್ಜೆ ಹಿಂದೆ ಸರಿದೆ. ಅವಳು ದನಿಯನ್ನೇ ಏರಿಸಲಿಲ್ಲ.

"ನೀನು ನೋಡಿಲ್ಲ ಅಂದ್ಕೊಂಡೇ ಇಷ್ಟು ದಿನ ನಿದ್ದೆ ಮಾಡಿದ್ವಿ" ಎಂದಳು.

ಓನ್‌ಸಿ ಮುಖ ಮುಚ್ಚಿಕೊಂಡಳು. ಆ ಹೊತ್ತಿನಲ್ಲಿ ಮಾತಾಡಿದವಳು ತೋಂಗ್‌ವಾನ್ ಅಜ್ಜಿ.

"ನಿಮ್ಮೋರ ಖ್ವಾನ್ ಗೋರಿಸಿದ್ರಾ ತಾಯಿ?"

"ಎರಡು ಸಲ. ಬರ್ಲಿಲ್ಲ."

"ಬರಲ್ಲ. ಇವನದೂ ಅಲ್ಲೇ ಕೂತಿದೆ. ನೋಡಿದೋನದೂ ಮುಳುಗಿದೋನದೂ ಒಂದರ ಮುಖ ಒಂದು ನೋಡ್ಕೊಂಡು ಕೂತಿವೆ. ಒಂದು ಎದ್ರೆ ತಾನೇ ಇನ್ನೊಂದು ಏಳೋದು? ಒಂದು ಅಂಗಿ ಕೊಡು."

ಹೆಂಗಸು ಪಾಚಿಯನ್ನು ಕಲ್ಲಿನ ಮೇಲಿಟ್ಟಳು. ಆಮೇಲೆ ಎದ್ದು ಹೋಗಿ ಗಂಡ ಖೆನ್‌ನ ಮಾಸಿದ ನೀಲಿ ಅಂಗಿ ತಂದಳು. ಅದನ್ನು ಬುನ್‌ಲುತ್‌ನ ಕೈಗೆ ಕೊಡಲಿಲ್ಲ, ಅಜ್ಜಿಯ ಕೈಗೆ ಕೊಟ್ಟಳು.

ಎರಡು ಅಂಗಿಗಳು ಒಂದೇ ಬಲೆಯೊಳಗೆ. ಆಮೆಬಂಡೆಯ ಬುಡದಲ್ಲಿ ನೀರು ಕಪ್ಪಗೆ ಸುತ್ತುತ್ತಿತ್ತು. ಅಜ್ಜಿ ಎರಡು ಹೆಸರನ್ನೂ ಕೂಗಿ ಕರೆದಳು. "ಬಾರಪ್ಪ ಖೆನ್‌ನ ಖ್ವಾನೇ, ಹಿರಿಯವನು ನೀನು, ಮೊದಲು ನೀನು ಹತ್ತು. ಬಾರೋ ಬುನ್‌ಲುತ್‌ನ ಖ್ವಾನೇ, ಅವರ ಹಿಂದೆ ಹತ್ತು, ನೂಕಬೇಡ." ಅವಳು ಬಲೆ ಎತ್ತುವಾಗ ಬುನ್‌ಲುತ್ ದೋಣಿಯನ್ನು ಸುಳಿಯಲ್ಲಿ ಅಲುಗದಂತೆ ಹಿಡಿದಿದ್ದ. ಆ ಕ್ಷಣ ಅವನ ಕೈ ನಡುಗುತ್ತಿತ್ತೋ ಇಲ್ಲವೋ ನಾನು ಹೇಳಲಾರೆ. ನಾನು ಕಣ್ಣುಮುಚ್ಚಿಕೊಂಡು ದೋಣಿಯ ಅಂಚು ಹಿಡಿದಿದ್ದೆ.

ಯಾರೂ ಮಾತಾಡದೆ ಏರಿ ಹತ್ತಿದೆವು. ನಾನೂ ಮಾತಾಡಲಿಲ್ಲ, ಇದನ್ನು ನನ್ನ ಹೆಂಡತಿ ಇನ್ನೂ ನಂಬಿಲ್ಲ. ಮನೆಯ ಬಾಗಿಲಲ್ಲಿ ಅಜ್ಜಿ ನಿಂತಳು. ಒಳಗೆ ಚಾಪೆಯ ಮೇಲೆ ಮುದುಕನ ಸಣಕಲು ಬೆನ್ನು ಕಾಣುತ್ತಿತ್ತು. ಹೆಂಗಸು ಅವನ ಪಕ್ಕ ಮಂಡಿಯೂರಿ ಕೂತಿದ್ದಳು.

"ಖ್ವಾನ್ ಬಂತಾ?"

"ನಮ್ಮೋರದ್ದು ಬಂತು" ಎಂದಳು ಹೆಂಗಸು.

ಅಷ್ಟೇ. ಅಜ್ಜಿ ಕಾದಳು. ಬಲೆ ಅವಳ ಕೈಯಲ್ಲಿ ಸ್ವಲ್ಪ ವಾಲಿತು. ಇನ್ನೊಂದು ಸಲ, ಮೆಲ್ಲಗೆ ಕೇಳಿದಳು. "ಇನ್ನೊಬ್ಬರದು?"

ಹೆಂಗಸು ಚಾಪೆಯ ಅಂಚನ್ನು ಸರಿಪಡಿಸಿದಳು. ಓನ್‌ಸಿ "ಬಂ..." ಎಂದು ಬಾಯಿ ತೆರೆದಳು, ಅಜ್ಜಿ ಕೈಯೆತ್ತಿ ತಡೆದಳು. ಬಾಗಿಲು ಆ ಹೆಂಗಸಿನದು. ಹೇಳಬೇಕಾದವಳೂ ಅವಳೇ.

ಅಕ್ಕಿಯನ್ನು ಮುದುಕನ ಹೆಸರಿಗೆ ಮಾತ್ರ ನೋಡಿದರು. ಎಲ್ಲವೂ ಜೋಡಿಯಾದವು. ಅಜ್ಜಿ ಅವನ ಮಣಿಕಟ್ಟಿಗೆ ಬಿಳಿ ನೂಲು ಕಟ್ಟುವಾಗ ಖೆನ್ ಮುದುಕ ನಿಧಾನವಾಗಿ ಗೋಡೆಯಿಂದ ಈಚೆಗೆ ಹೊರಳಿದ. ಬಾಗಿಲ ಹೊರಗೆ ನಿಂತಿದ್ದ ಬುನ್‌ಲುತ್‌ನನ್ನು ನೋಡಿದ.

"ನನ್ನ ಟೋಪಿ ನೋಡಿದ್ಯಾ?"

"ನೋಡ್ದೆ, ದೊಡ್ಡಪ್ಪ."

"ಯಾವ ಕಡೆ ಹೋಯ್ತು?"

"ಊರಿನ ಕಡೆ. ಕೆಳಕ್ಕೆ."

"ಒಳ್ಳೆ ಟೋಪಿ ಅದು" ಎಂದು ಮುದುಕ ಕಣ್ಣು ಮುಚ್ಚಿದ. ಆಮೇಲೆ ಹೆಂಡತಿಗೆ, "ನೀರು ಕೊಡೇ" ಎಂದ.

ವಾಪಸು ಬರುವಾಗ ಓನ್‌ಸಿ ಎದ್ದು ಬಂದು ಗಂಡನ ಪಕ್ಕ ಕೂತು, ಎಂಜಿನ್ನಿನ ಹಿಡಿಯ ಮೇಲೆ ತನ್ನ ಕೈಯನ್ನೂ ಇಟ್ಟಳು. ಇಬ್ಬರೂ ಸೇರಿ ನಡೆಸಿದರು. ದೋಣಿ ಆಗಲೂ ನೆಟ್ಟಗೆ ಹೋಗಲಿಲ್ಲ.

ಯಜಮಾನಿ ದಡದ ಮೆಟ್ಟಿಲ ಮೇಲೆ ಕೊಡೆ ಹಿಡಿದು ನಿಂತಿದ್ದರು. ಕೆಟ್ಟ ಹೆಂಗಸಲ್ಲ. ಬುನ್‌ಲುತ್‌ನ ಮುಖ ನೋಡಿ ಅವರೇ ಮೆತ್ತಗೆ ಕೇಳಿದರು. "ಏನಾಯ್ತು ಬುನ್‌ಲುತ್? ಕೈ ಸರಿಹೋಯ್ತಾ?"

ಆಮೆಬಂಡೆಯ ವಿಷಯವನ್ನು ಅವರಿಗೂ ಹೇಳಿದ. ನಿಮ್ಮ ಫೋನು ಎಂಬ ಮಾತನ್ನು ಮಾತ್ರ ಹೇಳಲಿಲ್ಲ. ಅದನ್ನು ನಾನು ಹೇಳಬಹುದಿತ್ತು, ಆದರೆ ನನಗೆ ಸಂಬಳ ಕೊಡುವವರೂ ಅವರೇ. ಹೇಳಿ ಮುಗಿಸಿ, "ಇನ್ನೂ ಬಂದಿಲ್ಲಮ್ಮ. ನಾಳೆಗೆ ಬೇರೆಯವನನ್ನ ಕೂಡ್ಸಿ" ಎಂದ.

ಯಜಮಾನಿ ಕೊಡೆ ಮಡಚಿದರು, ಮತ್ತೆ ಬಿಚ್ಚಿದರು. ಬಿಸಿಲೂ ಇರಲಿಲ್ಲ, ಮಳೆಯೂ ಇರಲಿಲ್ಲ.

ಈಗ ಚಕ್ರದ ಮುಂದೆ ಹೊಸ ಚಾಲಕ ಕೂರುತ್ತಾನೆ. ಒಳ್ಳೆಯವನೇ, ಆದರೆ ಬಂಡೆಗಳ ಹೆಸರು ಗೊತ್ತಿಲ್ಲ. ಹಿಂಭಾಗದ ಹಾಸಿಗೆ ಅವನದು. ಓನ್‌ಸಿಯ ಅಡುಗೆಯನ್ನು ಪ್ರವಾಸಿಗರು ಹೊಗಳುತ್ತಾರೆಂದು ಒಲೆ ಅವಳಿಗೆ ಉಳಿದಿದೆ. ರಾತ್ರಿ ಗಂಡ ಹೆಂಡತಿ ಅಕ್ಕಿಮೂಟೆಗಳ ನಡುವೆ ಚಾಪೆ ಹಾಸುತ್ತಾರೆ. ಬುನ್‌ಲುತ್ ದೋಣಿಯ ಮೂತಿಯ ಮೇಲೆ ಬಿದಿರು ಗಳ ಹಿಡಿದು ನಿಂತು ನೀರಿನ ಆಳ ಅಳೆಯುತ್ತಾನೆ. ಅವನ ತಲೆಯ ಮೇಲೆ ಗೋರುಬಲೆ ಬಾಯಿ ಮೇಲಾಗಿ ತೂಗುತ್ತಿರುತ್ತದೆ, ಒಳಗೆ ಅವನ ಅಂಗಿ. ಉತ್ತರ ಬರುವ ತನಕ ಇಳಿಸಬಾರದು ಎಂದು ತೋಂಗ್‌ವಾನ್ ಅಜ್ಜಿಯ ಕಟ್ಟಪ್ಪಣೆ. ಪ್ರವಾಸಿಗರು ಅದರ ಫೋಟೋ ತೆಗೆದು ಏನೆಂದು ಕೇಳಿದರೆ ಪದ್ಧತಿ ಎನ್ನಲು ನನಗೆ ನಾಲಿಗೆ ಏಳುವುದಿಲ್ಲ. ಬಟ್ಟೆ ಒಣಹಾಕಿದೆ ಎನ್ನುತ್ತೇನೆ.

ಆಮೆಬಂಡೆ ಬಂದಾಗ ಅವನು ಕೈ ಎತ್ತುತ್ತಾನೆ, ಹೊಸ ಚಾಲಕ ವೇಗ ಇಳಿಸಿ ದೋಣಿಯನ್ನು ದಡದ ಹತ್ತಿರ ತರುತ್ತಾನೆ. ಬುನ್‌ಲುತ್ ಆ ಊರಿನ ದಡಕ್ಕೆ ಹಾರಿ, ಖೆನ್ ಮುದುಕನ ಹೊಸ ದೋಣಿಗೆಂದು ಒಂದೆರಡು ಹಲಗೆ ಇಳಿಸಿ, ನೀರಿನಲ್ಲೇ ನಿಂತು ಕೇಳುತ್ತಾನೆ: "ದೊಡ್ಡಮ್ಮ, ಬಂತಾ?" ಹೆಂಗಸು ಪಾಚಿ ತೊಳೆಯುತ್ತಿರುತ್ತಾಳೆ. ಯಾರ ನಮಸ್ಕಾರವನ್ನೂ ಬರಿಗೈಯಲ್ಲಿ ಕಳಿಸದ ಸೀಮೆ ನಮ್ಮದು. ಅವಳು ತಲೆಯೆತ್ತುವುದಿಲ್ಲ.

ಮೊನ್ನೆ ಮಾತ್ರ ತಲೆಯೆತ್ತಿದಳು. ಹಲಗೆಗಳನ್ನು ನೋಡಿದಳು, ಅವನ ಇಳಿದುಹೋದ ಕೆನ್ನೆಗಳನ್ನು ನೋಡಿದಳು. "ಊಟ ಆಯ್ತಾ?" ಎಂದಳು.

ದೋಣಿ ಹತ್ತಿದವನೇ ಬುನ್‌ಲುತ್ ಅನ್ನದ ಬುಟ್ಟಿ ಎಳೆದುಕೊಂಡು ನಾಲ್ಕು ತುತ್ತು ತಿಂದ. ಓನ್‌ಸಿ ಒಲೆಯ ಹಿಂದೆ ಹೋಗಿ ಅತ್ತಳು. ನನಗಂತೂ ಹಿಗ್ಗು, ಊರು ಮುಟ್ಟಿದ ಕೂಡಲೇ ಓಣಿಗೆ ಓಡಿ ಅಜ್ಜಿಗೆ ಸುದ್ದಿ ಮುಟ್ಟಿಸಿದೆ. ಅಜ್ಜಿ ಎಲೆಗೆ ಸುಣ್ಣ ಹಚ್ಚುತ್ತಾ ಪೂರ್ತಿ ಕೇಳಿಸಿಕೊಂಡಳು.

"ಅದು ಉತ್ತರ ಅಲ್ಲ" ಎಂದಳು. "ಬಲೆ ಇಳಿಸ್ಬೇಡಿ ಅಂತ ಹೇಳು."